ಹೇರ್‌ಸ್ಪ್ರಿಂಗ್ ಸೆಕ್ಷನ್

ಮಂಡಿಪೇಟೆಯ ಗೌಸ್ ಪೀರ್ ಸಾಬರ ಅಂಗಡಿ,
ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಸಂದು,
ಒಬ್ಬರು ಕೂತರೆ ಮಿಕ್ಕವರು ನಿಲ್ಲಬೇಕು.
ಮೊನ್ನೆ ಸಂಜೆ ಅಲ್ಲಿ ದೇವರ ಮಾತು ಬಂತು.

ಬೆಲ್ಲದ ಮಂಡಿ ಹಾಲಪ್ಪ
ನಿಂತುಹೋದ ವಾಚು ಬಿಚ್ಚಿ ಗಾಜಿನ ಮೇಲಿಟ್ಟು
“ನೋಡಿ ಮೇಷ್ಟ್ರೇ, ಇಷ್ಟು ಪುಟ್ಟ ಗಡಿಯಾರ
ತಾನೇ ತಾನಾಗಿ ಹುಟ್ಟುತ್ತಾ?
ಇದನ್ನ ಮಾಡಿದೋನು ಒಬ್ಬ ಇದ್ದಮೇಲೆ
ಸೂರ್ಯ ಚಂದ್ರರನ್ನ ಮಾಡಿದೋನು ಇಲ್ವಾ?” ಅಂದ.

ರೇವಣಸಿದ್ಧಯ್ಯ ಮೇಷ್ಟ್ರು
(ಮಠ ಇರುವುದು ಹೆಸರಲ್ಲಿ ಮಾತ್ರ)
ಛತ್ರಿ ನೆಲಕ್ಕೆ ಕುಟ್ಟಿ
“ಮಾಡಿದೋನನ್ನ ಮಾಡಿದೋರ್ಯಾರು, ಅದು ಹೇಳು ಮೊದಲು.
ಒಬ್ಬನ ಬಾಕಿ ತೆಗೆದು
ಇನ್ನೊಬ್ಬನ ಖಾತೆಗೆ ಬರೆದರೆ
ಬಾಕಿ ತೀರುತ್ತೇನಯ್ಯ, ಮಂಡಿಯವನೇ?”

ಸಾಬರು ಏನೂ ಅನ್ನಲಿಲ್ಲ.
ಒಂದು ಕಣ್ಣಿಗೆ ಲೂಪು. ಇನ್ನೊಂದು ಮುಚ್ಚಿತ್ತು.

ನಾನು ಹೋಗಿದ್ದು ಬ್ಯಾಂಡು ಬದಲಿಸಲು.
ಬಾಯಿ ಸುಮ್ಮನಿರಲಿಲ್ಲ:
“ಆ ಮಾಡಿದೋನು ನಾನೇ.”

ನಕ್ಕರು. ನಗಲಿ.
ಇಪ್ಪತ್ತೆರಡು ವರ್ಷ ಬಿ.ಎಚ್. ರಸ್ತೆಯ ಆ ಫ್ಯಾಕ್ಟರಿ,
ಹೇರ್‌ಸ್ಪ್ರಿಂಗ್ ಸೆಕ್ಷನ್, ಟೋಕನ್ ನಾನೂರ ಹದಿನೇಳು.
ಉಸಿರು ಬಿಗಿಹಿಡಿದು ಚಿಮಟದಲ್ಲಿ ಎತ್ತುವ ಎಳೆ,
ಸೀನಿದರೆ ಇಡೀ ಟ್ರೇ ಮಣ್ಣುಪಾಲು.
ನೆಗಡಿ ಬಂದ ದಿನ ಪುಟ್ಟಹೊನ್ನಮ್ಮ
ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಕೂರೋಳು.
ನಾನು ಮಾಡಿದ್ದು ಎಳೆ. ಚಕ್ರದ ಹಲ್ಲು ಯಾರೋ ಕೊರೆದರು.
ಮುಳ್ಳು ಯಾರದೋ. ಡಯಲ್ಲಿನ ಬಣ್ಣ ಪಕ್ಕದ ಶೆಡ್ಡು.
ನಕ್ಷೆ ಜಪಾನಿನಿಂದ ಬಂತು ಅನ್ನೋರು,
ನಾವ್ಯಾರೂ ಆ ಕಾಗದ ಕಂಡವರಲ್ಲ.
ಇಡೀ ವಾಚನ್ನು ಇಡಿಯಾಗಿ ಬಲ್ಲವರು
ಆ ಗೇಟಿನೊಳಗೆ ಒಬ್ಬರೂ ಇರಲಿಲ್ಲ, ಹಾಲಪ್ಪನವರೇ.
ಆದರೂ ನಡೆಯೋದು.
ಯಾರ ಕೈಗೆ ಹೋಯಿತೋ, ಮದುಮಗನಿಗೋ ಕಳ್ಳನಿಗೋ,
ನಮಗೆ ಯಾರೂ ಬಂದು ಹೇಳಲಿಲ್ಲ.

ಮೇಷ್ಟ್ರ ಮುಖ ಊರಗಲವಾಯಿತು. “ಕೇಳಿದೆಯಾ!”

ತಾಳಿ ಮೇಷ್ಟ್ರೇ.
ಫ್ಯಾಕ್ಟರಿ ಮುಚ್ಚಿದ ವರ್ಷ ನಮ್ಮ ಯಜಮಾನರು
ಜಿಲ್ಲಾಸ್ಪತ್ರೆಯಲ್ಲಿ ಮಲಗಿದರು.
ದೇವರು ಇದ್ದಾನೋ ಇಲ್ಲವೋ, ಕೇಳಲು ಪುರುಸೊತ್ತಿರಲಿಲ್ಲ.
ಬೆಳಿಗ್ಗೆ ಆರಕ್ಕೆ ಅವರ ವಾಚಿಗೆ ಕೀ ಕೊಡುತ್ತಿದ್ದೆ,
ಇಪ್ಪತ್ತು ಸುತ್ತು, ಎಣಿಸಿ.
ಎಣಿಸುವ ಬದಲು ಒಂದೊಂದು ಸಲ ನರಸಿಂಹ, ನರಸಿಂಹ.
ದೇವರಾಯನದುರ್ಗ ಹತ್ತಿದ್ದು ಜೀವಮಾನಕ್ಕೆ ಎರಡೇ ಸಾರಿ,
ಒಂದು ಸಾರಿ ಕೋತಿ ಬುತ್ತಿ ಕಿತ್ತುಕೊಂಡಿತ್ತು.
ನಂಬಿ ಅಂದೆನಾ? ಗೊತ್ತಿಲ್ಲ.
ಬೆರಳಿಗೊಂದು ಕೆಲಸ ಬೇಕಿತ್ತು,
ನಾಲಿಗೆಗೊಂದು ಹೆಸರು.

ಹೋದರು. ಗುರುವಾರ, ಮಧ್ಯಾಹ್ನ ಎರಡೂ ನಲವತ್ತು.
ನರ್ಸು ಬಿಚ್ಚಿ ಕೊಟ್ಟ ವಾಚು
ಅಡುಗೆಮನೆಯ ಅಕ್ಕಿ ಡಬ್ಬಿಯ ಮೇಲೆ
ಮಾರನೇ ರಾತ್ರಿಯವರೆಗೂ ನಡೆಯಿತು,
ಯಾರ ಕೈಯಲ್ಲೂ ಇಲ್ಲದೆ.
ಮಲಗಿದವಳ ಕಿವಿಗೆ ಬೀಳುತ್ತಲೇ ಇತ್ತು.
ಅದಕ್ಕೇನನ್ನಬೇಕು, ಮೇಷ್ಟ್ರೇ?

ಮೇಷ್ಟ್ರು ಛತ್ರಿಯ ತುದಿ ನೋಡಿಕೊಂಡು
ಮೆಲ್ಲಗೆ, ತಪ್ಪು ಒಪ್ಪಿಕೊಳ್ಳುವವರ ಹಾಗೆ,
“ಸ್ಪ್ರಿಂಗಿನ ಬಿಗುವು, ತಾಯಿ” ಅಂದರು.

ಹೌದು. ಅದೇ.
ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಆಮೇಲೆ ಯಾರಿಗೂ ಮಾತು ಹೊಳೆಯಲಿಲ್ಲ.
ಹಾಲಪ್ಪನೇ ಬಾಗಿ ಕೇಳಿದ:
“ಒಳಗೆ ಏನಾದರೂ ಕಂಡಿತಾ, ಸಾಬ್ರೇ?”

ಸಾಬರು ಲೂಪಿನಿಂದ ಕಣ್ಣು ತೆಗೆಯದೆ
ಒಂದೇ ಮಾತು ಅಂದರು:
“ಇರುವೆ.”

ಎದೆ ಧಸಕ್ಕೆಂದಿತು ನನಗೆ.
ಮೇಷ್ಟ್ರೂ ತಲೆಯೆತ್ತಿದರು.

ಬೆಲ್ಲದ ವಾಸನೆಗೆ ಬಂದದ್ದು,
ನನ್ನದೋ ಪುಟ್ಟಹೊನ್ನಮ್ಮನದೋ ಎಳೆಯ ಸುರುಳಿಯಲ್ಲಿ
ಕಾಲು ಸಿಕ್ಕಿ ಒಣಗಿತ್ತು.
ಚಿಮಟ ಇಳಿಯಿತು. ಮೂವರೂ ಉಸಿರು ಹಿಡಿದೆವು,
ಯಾರೂ ಹೇಳದೆಯೇ.

ಟಿಕ್.

“ಎಷ್ಟಾಯ್ತು?” “ನಲವತ್ತು.”
“ಒಂದು ಇರುವೆ ತೆಗೆಯೋಕೆ ನಲವತ್ತಾ? ಮೂವತ್ತು ಮಾಡ್ಕೊಳ್ಳಿ.”
ಮಸೀದಿಯ ಮೈಕು ಗಂಟಲು ಸರಿಮಾಡಿಕೊಂಡಿತು.
ಸಾಬರು ಚಿಲ್ಲರೆ ಎಣಿಸಿ, ಶಟರು ಅರ್ಧ ಇಳಿಸಿ,
“ನಿಮ್ಮ ಬ್ಯಾಂಡು ನಾಳೆ, ಅಮ್ಮಾ” ಅಂದರು.